ಹಾಜರಿ ಪುಸ್ತಕದಲ್ಲಿ ಇಲ್ಲದ ಮಗು

ಮಗು ಯಾರದು? ಈ ಪ್ರಶ್ನೆ ಕೇಳಿದೊಡನೆ ‘ಇದೆಂಥ ಪ್ರಶ್ನೆ, ಹೆತ್ತವರದು’ ಎಂದು ಯಾರಾದರೂ ಉತ್ತರ ಕೊಟ್ಟಾರು. ಆದರೆ ಮಗುವಿಗೆ ಆರು ವರ್ಷ ತುಂಬಿತೆಂದರೆ ಈ ಉತ್ತರ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಆ ದಿನದಿಂದ ಸರಕಾರವೂ ಬಾಗಿಲಿಗೆ ಬಂದು, ‘ಈ ಮಗು ಎಲ್ಲಿ ಓದುತ್ತಿದೆ?’ ಎಂದು ಕೇಳುವ ಹಕ್ಕು ತನಗುಂಟೆಂದು ಹೇಳುತ್ತದೆ. ಹೆತ್ತವರ ಹಕ್ಕು ಎಲ್ಲಿಗೆ ಮುಗಿಯುತ್ತದೆ, ಸರಕಾರದ ಹಕ್ಕು ಎಲ್ಲಿಂದ ಮೊದಲಾಗುತ್ತದೆ, ಈ ಎರಡರ ನಡುವೆ ಮಗುವಿಗೆ ತನ್ನದೆಂಬ ಹಕ್ಕು ಏನಾದರೂ ಇದೆಯೆ ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ಈ ವಿಷಯವನ್ನು ಎತ್ತಲು ಕಾರಣವಿದೆ. ಮುಂಬಯಿ, ಪುಣೆ, ಬೆಂಗಳೂರಿನಂಥ ನಗರಗಳಲ್ಲಿ ಚೆನ್ನಾಗಿ ಓದಿಕೊಂಡ ಕೆಲವು ತಂದೆತಾಯಿಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿ, ಇಲ್ಲವೆ ಶಾಲೆಗೆ ಸೇರಿಸದೆಯೇ, ಮನೆಯಲ್ಲಿ ಕಲಿಸುತ್ತಿದ್ದಾರೆ. ಅವರನ್ನು ವಿಚಿತ್ರದ ಜನ ಎಂದು ತಳ್ಳಿಹಾಕುವುದು ಸರಿಯಲ್ಲ. ಬೆನ್ನು ಬಗ್ಗಿಸುವ ಪುಸ್ತಕದ ಚೀಲ, ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು, ಶಾಲೆಯ ಬಸ್ಸಿನಲ್ಲಿ ಕಳೆಯುವ ಗಂಟೆಗಳು, ವರ್ಷ ವರ್ಷಕ್ಕೆ ಏರುವ ಫೀಸು, ಬಾಯಿಪಾಠ ಮಾಡಿ ಒಪ್ಪಿಸುವ ಪರೀಕ್ಷೆ, ಇವನ್ನೆಲ್ಲ ನೋಡಿದವರಿಗೆ ‘ಇದಕ್ಕಿಂತ ನಾವೇ ಚೆನ್ನಾಗಿ ಕಲಿಸೇವು’ ಎಂದು ಅನ್ನಿಸಿದರೆ ಆಶ್ಚರ್ಯವಿಲ್ಲ. ಅವರಲ್ಲಿ ಹಲವರು ನಿಜವಾಗಿಯೂ ಚೆನ್ನಾಗಿಯೇ ಕಲಿಸುತ್ತಾರೆ. ಇಂಥವರಿಗೆ ಸರಕಾರ ಅಡ್ಡಬರಬೇಕೆ?

ಮೊದಲು ಕಾಯ್ದೆ ಏನು ಹೇಳುತ್ತದೆಂದು ನೋಡೋಣ. ಸರಕಾರಿ ಕಚೇರಿಯಲ್ಲಿ ಕಾಗದಪತ್ರ ಓದಿ ಅಭ್ಯಾಸವಾದ ನನ್ನಂಥವರಿಗೆ ಯಾವ ಕಾಯ್ದೆ ಕೈಗೆ ಬಂದರೂ ಮೊದಲು ಅದರ ವ್ಯಾಖ್ಯೆಗಳನ್ನು ನೋಡುವ ಚಟ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಇದೆಯೆಂದು ಅದು ಸಾರುತ್ತದೆ. ಈ ‘ಕಡ್ಡಾಯ’ ಎಂಬ ಮಾತು ಯಾರ ಮೇಲೆ ಕಡ್ಡಾಯ? ಸಾಮಾನ್ಯವಾಗಿ ನಾವೆಲ್ಲ ತಂದೆತಾಯಿಗಳ ಮೇಲೆ ಎಂದು ತಿಳಿಯುತ್ತೇವೆ. ಕಾಯ್ದೆಯ 8ನೆಯ ಕಲಮು ಬೇರೆಯೇ ಹೇಳುತ್ತದೆ. ಶಾಲೆಯನ್ನು ಒದಗಿಸುವುದು, ಮಗುವನ್ನು ಸೇರಿಸಿಕೊಳ್ಳುವುದು, ಅದು ದಿನವೂ ಹಾಜರಾಗುವಂತೆ ಮತ್ತು ಎಂಟನೆಯ ತರಗತಿಯವರೆಗೆ ಓದು ಮುಗಿಸುವಂತೆ ನೋಡಿಕೊಳ್ಳುವುದು ಸರಕಾರದ ಮೇಲಿನ ಕಡ್ಡಾಯ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು 10ನೆಯ ಕಲಮು ಹೇಳುತ್ತದೆ ನಿಜ; ಆದರೆ ಆ ಕರ್ತವ್ಯ ತಪ್ಪಿದವರಿಗೆ ದಂಡವನ್ನಾಗಲಿ ಸೆರೆವಾಸವನ್ನಾಗಲಿ ಈ ಕಾಯ್ದೆ ವಿಧಿಸಿಲ್ಲ.

ಮನೆಯಲ್ಲಿ ಕಲಿಸುವುದರ ಬಗ್ಗೆ ಈ ಕಾಯ್ದೆ ಒಂದು ಮಾತನ್ನೂ ಆಡಿಲ್ಲ. ಕೂಡದು ಎಂದಿಲ್ಲ, ಆಗಬಹುದು ಎಂದೂ ಇಲ್ಲ. ಹೀಗಾಗಿ ಮನೆಯಲ್ಲಿ ಓದುವ ಮಗು ಯಾವ ಪಟ್ಟಿಯಲ್ಲೂ ಇಲ್ಲದೆ, ಹದಿನಾಲ್ಕು ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ವಿದ್ಯಾಲಯದ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗಲೇ ಸರಕಾರದ ಕಣ್ಣಿಗೆ ಬೀಳುವುದುಂಟು. ಅದುವರೆಗಿನ ಎಂಟು ವರ್ಷ ಆ ಮಗು ಏನು ಮಾಡುತ್ತಿತ್ತೆಂದು ಕೇಳುವವರಿಲ್ಲ. ತಂದೆತಾಯಿಗಳು ಒಳ್ಳೆಯವರಾದರೆ ಇದರಿಂದ ಕೇಡೇನೂ ಇಲ್ಲ. ಒಳ್ಳೆಯವರಲ್ಲದಿದ್ದರೆ? ಅಥವಾ ಒಳ್ಳೆಯವರಾಗಿದ್ದೂ ಕೈಲಾಗದವರಾದರೆ?

ಕಡ್ಡಾಯ ಶಿಕ್ಷಣವೆಂಬುದು ಪರಕೀಯರು ನಮ್ಮ ಮೇಲೆ ಹೇರಿದ ಹೊರೆ ಎಂಬ ಮಾತನ್ನು ಮನೆಪಾಠದ ಪಕ್ಷದವರು ಕೆಲವು ಸಲ ಆಡುವುದುಂಟು. ಇತಿಹಾಸ ಇದಕ್ಕೆ ವಿರುದ್ಧವಾಗಿದೆ. ಪರಕೀಯ ಸರಕಾರ ಬೇಡವೆಂದದ್ದನ್ನು ನಮ್ಮವರು ಬೇಡಿ ಹೋರಾಡಿದರು. ಬರೋಡೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿ ಭಾಗದಲ್ಲಿ ಕಡ್ಡಾಯ ಶಿಕ್ಷಣದ ಪ್ರಯೋಗ ಮಾಡಿ, 1906ರಲ್ಲಿ ಅದನ್ನು ಇಡೀ ಸಂಸ್ಥಾನಕ್ಕೆ ವಿಸ್ತರಿಸಿದರು. ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚಿಯಲ್ಲಿ ಕಲಕತ್ತೆಯ ವಿಧಾನ ಪರಿಷತ್ತಿನ ಮುಂದೆ ಪ್ರಾಥಮಿಕ ಶಿಕ್ಷಣದ ಮಸೂದೆ ಇಟ್ಟರು. ಆರರಿಂದ ಹತ್ತು ವರ್ಷದ ಹುಡುಗರಿಗೆ, ಅದೂ ಸ್ಥಳೀಯ ಸಂಸ್ಥೆ ಒಪ್ಪಿದ ಕಡೆ ಮಾತ್ರ, ಎಂಬಷ್ಟು ಮಿತವಾದ ಮಸೂದೆ ಅದು. ಆಗ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಹಾಗಿದ್ದೂ 1912ರ ಮಾರ್ಚ್ 19ರಂದು 13ಕ್ಕೆ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ಬಿಳಿಯ ಅಧಿಕಾರಿಗಳ ಜೊತೆಗೆ ನಮ್ಮವರೇ ಆದ ಜಮೀನುದಾರರೂ ವಿರೋಧಿಸಿದರು. ಬಡವರ ಮಕ್ಕಳೆಲ್ಲ ಸ್ಲೇಟು ಹಿಡಿದು ಹೊರಟರೆ ಹೊಲದ ಕೆಲಸಕ್ಕೆ ಯಾರು ಎಂಬುದು ಅವರಲ್ಲಿ ಕೆಲವರ ಚಿಂತೆ.

ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ ಬಂತು. ಕೊಲ್ಲಾಪುರದ ಶಾಹೂ ಮಹಾರಾಜರು 1917ರಲ್ಲಿ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿ, ಮಗುವನ್ನು ಕಳಿಸದ ತಂದೆತಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡವನ್ನಿಟ್ಟರು. ಮಹಾರಾಜರಿಗೆ ಬಡವರ ಮೇಲೆ ಸಿಟ್ಟೇ? ಅಲ್ಲ. ಹಿಂದುಳಿದ ಜಾತಿಗಳ ಮಕ್ಕಳಿಗೆ ಹಾಸ್ಟೆಲು ಕಟ್ಟಿಸಿಕೊಟ್ಟವರು ಅವರೇ. ತಲೆಮಾರುಗಳಿಂದ ಅಕ್ಷರವನ್ನು ಕಾಣದ ಮನೆಯಲ್ಲಿ ಮಗುವಿನ ಪರವಾಗಿ ಮಾತಾಡುವ ಒಂದು ದನಿ ಬೇಕಾಗಿತ್ತು. ಮನೆಯ ಒಳಗಿನಿಂದ ಅದು ಬಾರದಿದ್ದಾಗ ಹೊರಗಿನಿಂದ ಬರಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಸಂವಿಧಾನದ 45ನೆಯ ವಿಧಿ ಹತ್ತು ವರ್ಷದೊಳಗೆ, ಎಂದರೆ 1960ರ ಹೊತ್ತಿಗೆ, ಹದಿನಾಲ್ಕರವರೆಗಿನ ಎಲ್ಲ ಮಕ್ಕಳಿಗೂ ಶಿಕ್ಷಣ ಕೊಡಲು ಯತ್ನಿಸಬೇಕೆಂದು ಹೇಳಿತು. ರಾಜ್ಯಗಳು ಕಾಯ್ದೆಗಳನ್ನೇನೋ ಮಾಡಿದವು; 1961ರಲ್ಲಿ ನಮ್ಮ ರಾಜ್ಯದಲ್ಲೂ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯಾಯಿತು. ಆದರೆ ಶಾಲೆಯೇ ಇಲ್ಲದ ಊರಿನಲ್ಲಿ ಹಾಜರಾತಿಯ ಆಜ್ಞೆ ಹೊರಡಿಸುವುದು ಹೇಗೆ? ಕಾಗದದ ಮೇಲಿನ ಕಡ್ಡಾಯ ಕಾಗದದ ಮೇಲೆಯೇ ಉಳಿಯಿತು. 2002ರ 86ನೆಯ ತಿದ್ದುಪಡಿಯಲ್ಲಿ ಶಿಕ್ಷಣ ಮೂಲಭೂತ ಹಕ್ಕಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅದೇ ತಿದ್ದುಪಡಿ ಎರಡು ಕಡೆ ಎರಡು ಮಾತು ಸೇರಿಸಿತು. ಶಿಕ್ಷಣ ಒದಗಿಸುವ ಹೊಣೆ ಸರಕಾರದ್ದೆಂದು 21-ಎ ವಿಧಿಯಲ್ಲಿ. ಮಗುವಿಗೆ ಕಲಿಯುವ ಅವಕಾಶ ಮಾಡಿಕೊಡುವುದು ತಂದೆತಾಯಿ ಅಥವಾ ಪೋಷಕರ ಮೂಲಭೂತ ಕರ್ತವ್ಯವೆಂದು 51-ಎ ವಿಧಿಯಲ್ಲಿ. ಎಂದರೆ ಮಗುವಿಗೆ ಇಬ್ಬರು ಸಾಲಗಾರರು. ಒಬ್ಬನು ಸಾಲ ತೀರಿಸಲಿಲ್ಲವೆಂದು ಇನ್ನೊಬ್ಬನ ಸಾಲ ವಜಾ ಆಗುವುದಿಲ್ಲ.

‘ತನ್ನ ಶಾಲೆಗಳಲ್ಲಿ ಸಾಕಷ್ಟು ಮಾಸ್ತರರನ್ನು ನೇಮಿಸಲಾರದ ಸರಕಾರ ನಮ್ಮನ್ನು ಯಾವ ಮುಖದಿಂದ ಕೇಳುತ್ತದೆ?’ ಎಂಬ ವಾದಕ್ಕೆ ಇದೇ ಉತ್ತರ. ಸರಕಾರದ ಮುಖ ಹೇಗಾದರೂ ಇರಲಿ, ಅದು ಕೇಳುವುದು ತನ್ನ ಪರವಾಗಿ ಅಲ್ಲ, ಮಗುವಿನ ಪರವಾಗಿ.

ಇನ್ನು ಮನೆಪಾಠದ ಪಕ್ಷವನ್ನೂ ನ್ಯಾಯವಾಗಿ ಕೇಳೋಣ. ಶಾಲೆ ಎಂಬ ಕಟ್ಟಡ, ಗಂಟೆ, ತರಗತಿ, ಹಾಜರಿ ಇವೆಲ್ಲ ಹೊಸ ಕಾಲದವು. ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಬಡಗಿಯ ಮಗ ತಂದೆಯ ಉಳಿಯ ಪಕ್ಕದಲ್ಲಿ, ನೇಕಾರನ ಮಗಳು ಮಗ್ಗದ ಪಕ್ಕದಲ್ಲಿ ಕಲಿತದ್ದೂ ವಿದ್ಯೆಯೇ. ರವೀಂದ್ರನಾಥ ಠಾಕೂರರಿಗೆ ಶಾಲೆಯ ಗೋಡೆಗಳು ಹಿಡಿಸಲಿಲ್ಲ. ಅವರ ಓದು ಬಹುಮಟ್ಟಿಗೆ ಮನೆಯಲ್ಲೇ ಆಯಿತು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿದರು. ಮನೆಯಲ್ಲಿ ಕುಳಿತ ಮಗುವಿಗೂ ಜಗತ್ತು ತೆರೆಯಲೆಂದು ‘ಬಾಲಪ್ರಪಂಚ’ವನ್ನು ಬರೆದರು.

ಅಷ್ಟು ದೂರ ಯಾಕೆ ಹೋಗಬೇಕು? ಹೊರನಾಡಿನಲ್ಲಿರುವ ನಮ್ಮಲ್ಲಿ ಬಹಳ ಮಂದಿ ಮನೆಪಾಠದ ಮಾಸ್ತರರೇ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡ ಮಾತ್ರ ಅಡುಗೆಮನೆಯಲ್ಲಿ. ರವಿವಾರ ಬೆಳಿಗ್ಗೆ ಊರಿನಿಂದ ತಂದ ಒಂದನೆಯ ತರಗತಿಯ ಪುಸ್ತಕವಿಟ್ಟುಕೊಂಡು ‘ಅ ಆ’ ತಿದ್ದಿಸುವ ತಾಯಂದಿರು ಪ್ರತಿ ಕಾಲೊನಿಯಲ್ಲೂ ಇದ್ದಾರೆ. ಮನೆಯಲ್ಲಿ ಕಲಿತ ಕನ್ನಡದಲ್ಲಿ ಊರಿನ ಅಜ್ಜಿಗೆ ಕಾಗದ ಬರೆದ ಮಕ್ಕಳೂ ಇದ್ದಾರೆ. ಆದ್ದರಿಂದ ಮನೆಪಾಠಕ್ಕೆ ಎಂಥ ಶಕ್ತಿಯಿದೆಯೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದರೆ ಅದರ ಮಿತಿಯೂ ನಮಗೇ ಹೆಚ್ಚು ಗೊತ್ತು. ತಾಯಿಗೆ ಬಿಡುವಿದ್ದ ವಾರ ಪಾಠ, ಇಲ್ಲದ ವಾರ ರಜೆ. ಮೊದಲನೆಯ ಮಗು ಓದಲು ಬರೆಯಲು ಕಲಿತರೆ, ಎರಡನೆಯದು ಅಕ್ಷರ ಗುರುತಿಸುತ್ತದೆ, ಮೂರನೆಯದಕ್ಕೆ ಮಾತು ಮಾತ್ರ ಬರುತ್ತದೆ. ಇದು ಯಾರ ತಪ್ಪೂ ಅಲ್ಲ. ಮನೆಯ ಸ್ವಭಾವವೇ ಹಾಗೆ. ಮನೆಯಲ್ಲಿ ಕಾಯಿಲೆ ಇದೆ, ನೆಂಟರಿದ್ದಾರೆ, ವರ್ಗಾವಣೆಯಿದೆ, ಸಾಲವಿದೆ. ಕನ್ನಡದ ಮಟ್ಟಿಗೆ ಈ ಏರುಪೇರನ್ನು ನಾವು ತಾಳಿಕೊಳ್ಳುತ್ತೇವೆ, ಯಾಕೆಂದರೆ ಉಳಿದ ವಿದ್ಯೆಗೆ ಶಾಲೆಯಿದೆ. ಮಗುವಿನ ಇಡೀ ವಿದ್ಯೆಯೇ ಮನೆಯ ಬಿಡುವನ್ನು ಅವಲಂಬಿಸಿ ನಿಂತರೆ ಏನಾದೀತೆಂದು ಪ್ರತಿಯೊಬ್ಬರೂ ತಮ್ಮ ಮನೆಯನ್ನು ನೆನೆದು ಹೇಳಬಹುದು. ಇನ್ನು ಠಾಕೂರರ ವಿಷಯ. ಶಾಲೆಯಿಂದ ಓಡಿದ ಅವರು ದೊಡ್ಡವರಾದ ಮೇಲೆ ಎಲ್ಲರೂ ಮನೆಯಲ್ಲಿ ಕಲಿಯಿರಿ ಎನ್ನಲಿಲ್ಲ. 1901ರಲ್ಲಿ ಶಾಂತಿನಿಕೇತನದಲ್ಲಿ ತಾವೇ ಶಾಲೆ ತೆರೆದರು. ಅವರಿಗಿದ್ದಂಥ ಮನೆ ಎಲ್ಲ ಮಕ್ಕಳಿಗೂ ಇರುವುದಿಲ್ಲವಷ್ಟೆ.

ಒಳ್ಳೆಯ ತಂದೆ, ವಿದ್ಯಾವಂತ, ಮಕ್ಕಳ ಹಿತವನ್ನೇ ಬಯಸುವವನು. ಅವನು ಮನೆಯಲ್ಲಿ ಕಲಿಸಿದರೆ ಮಗುವಿಗೆ ಅನ್ಯಾಯವಾಗುವ ಸಂಭವವೇ ಇಲ್ಲವೆ? ಇದಕ್ಕೆ ಗಾಂಧೀಜಿಯವರ ಜೀವನವೇ ಉತ್ತರ ಕೊಡುತ್ತದೆ. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ಮಕ್ಕಳನ್ನು ಅಲ್ಲಿಯ ಶಾಲೆಗಳಿಗೆ ಕಳಿಸಲಿಲ್ಲ. ಬೇರೆ ಭಾರತೀಯರ ಮಕ್ಕಳಿಗೆ ಸಿಗದ ಸವಲತ್ತು ತನ್ನ ಮಕ್ಕಳಿಗೆ ಬೇಡವೆಂಬುದು ಒಂದು ಕಾರಣ, ಮಾತೃಭಾಷೆಯನ್ನು ಬಿಟ್ಟು ಕಲಿಯಬಾರದೆಂಬುದು ಇನ್ನೊಂದು. ಎರಡೂ ದೊಡ್ಡ ತತ್ತ್ವಗಳೇ. ಜೊಹಾನ್ಸ್‌ಬರ್ಗಿನಲ್ಲಿ ಕಚೇರಿಗೆ ನಡೆದುಹೋಗಿ ಬರುವ ದಾರಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರಂತೆ. ಸಾರ್ವಜನಿಕ ಕೆಲಸದ ನಡುವೆ ಸಾಕಷ್ಟು ಸಮಯ ಕೊಡಲಾಗಲಿಲ್ಲವೆಂದೂ, ಮಕ್ಕಳಿಗೆ ಈ ಬಗ್ಗೆ ತನ್ನ ಮೇಲೆ ಆಕ್ಷೇಪಣೆಯಿದೆಯೆಂದೂ ಆತ್ಮಕಥೆಯಲ್ಲಿ ಅವರೇ ಬರೆದುಕೊಂಡಿದ್ದಾರೆ. ಹಿರಿಯ ಮಗ ಹರಿಲಾಲರು 1911ರಲ್ಲಿ ತಂದೆಯನ್ನು ಬಿಟ್ಟು ಭಾರತಕ್ಕೆ ಹೊರಟುಬಂದುದಕ್ಕೆ ಓದಿನ ಕೊರಗು ಒಂದು ಮುಖ್ಯ ಕಾರಣವಾಗಿತ್ತು. ಗಾಂಧೀಜಿಯವರ ತತ್ತ್ವ ತಪ್ಪೆಂದು ನಾನು ಹೇಳುತ್ತಿಲ್ಲ. ತತ್ತ್ವ ತಂದೆಯದು, ಅದರ ಬೆಲೆ ಕೊಟ್ಟವನು ಮಗ. ಅವನನ್ನು ಯಾರಾದರೂ ಕೇಳಿದ್ದರೆ?

ಇದೇ ಪ್ರಶ್ನೆಯನ್ನು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಾಧೀಶರು ಎತ್ತಿದರು. ಅಲ್ಲಿ ಆಮಿಷ್ ಎಂಬ ಕ್ರೈಸ್ತ ಪಂಗಡವಿದೆ. ಮೋಟಾರು, ವಿದ್ಯುತ್ತುಗಳಿಂದ ದೂರವಿದ್ದು ಒಕ್ಕಲುತನ ಮಾಡಿಕೊಂಡಿರುವ ಶಾಂತ ಜನ. ಎಂಟನೆಯ ತರಗತಿಯಾದ ಮೇಲೆ ಅವರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದಿಲ್ಲ. ವಿಸ್ಕಾನ್ಸಿನ್ ರಾಜ್ಯದ ಕಾನೂನಿನಂತೆ ಹದಿನಾರರವರೆಗೆ ಶಾಲೆ ಕಡ್ಡಾಯವಾಗಿತ್ತು. ಮೂವರು ತಂದೆಯರಿಗೆ ತಲಾ ಐದು ಡಾಲರ್ ದಂಡ ಬಿತ್ತು. ಮೊಕದ್ದಮೆ ಮೇಲಕ್ಕೇರಿ, 1972ರ ಮೇ 15ರಂದು ಸುಪ್ರೀಂ ಕೋರ್ಟು ತಂದೆಯರ ಪರವಾಗಿ ತೀರ್ಪು ಕೊಟ್ಟಿತು. ಧರ್ಮಸ್ವಾತಂತ್ರ್ಯ ಗೆದ್ದಿತು. ಆದರೆ ನ್ಯಾಯಮೂರ್ತಿ ಡಗ್ಲಸ್ ಎಂಬವರು ಭಾಗಶಃ ಭಿನ್ನಮತ ಬರೆದರು. ತಂದೆಯ ಹಕ್ಕು, ರಾಜ್ಯದ ಹಕ್ಕು ಎಂದು ಎಲ್ಲರೂ ವಾದಿಸಿದರು. ಆ ಹುಡುಗರನ್ನೂ ಕೇಳಬೇಡವೇ, ಅವರಲ್ಲೊಬ್ಬನಿಗೆ ಪಿಯಾನೊ ವಾದಕನೋ ಗಗನಯಾತ್ರಿಯೋ ಆಗಬೇಕೆಂಬ ಆಸೆಯಿದ್ದರೆ ಏನು ಗತಿ ಎಂಬುದು ಅವರ ಮಾತಿನ ತಾತ್ಪರ್ಯ. ನನ್ನ ಮಟ್ಟಿಗೆ ಆ ಇಡೀ ತೀರ್ಪಿನಲ್ಲಿ ತೂಕವುಳ್ಳ ಮಾತೆಂದರೆ ಇದೇ.

ಹಾಗಾದರೆ ಎಲ್ಲ ಮಕ್ಕಳನ್ನೂ ಬಲವಂತವಾಗಿ ಶಾಲೆಯಲ್ಲೇ ಕೂಡಿಸಬೇಕೆ? ಜರ್ಮನಿ ಹಾಗೆ ಮಾಡುತ್ತದೆ. 1919ರ ಸಂವಿಧಾನದಲ್ಲೇ ಅಲ್ಲಿ ಶಾಲೆ ಕಡ್ಡಾಯವಾಯಿತು. ಹಿಟ್ಲರನ ಆಡಳಿತದಲ್ಲಿ, 1938ರಲ್ಲಿ, ಅದಕ್ಕೆ ಇನ್ನಷ್ಟು ಬಿಗಿಯಾದ ಕಾನೂನು ಬಂತು. ಇಂದಿಗೂ ಅಲ್ಲಿ ಮನೆಪಾಠಕ್ಕೆ ಅನುಮತಿ ಸಿಗುವುದು ತೀರ ವಿರಳ. 2013ರ ಆಗಸ್ಟಿನಲ್ಲಿ ಒಂದು ಮನೆಗೆ ಅಧಿಕಾರಿಗಳೂ ಪೊಲೀಸರೂ ಹೋಗಿ, ಶಾಲೆಗೆ ಕಳಿಸದ ನಾಲ್ವರು ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಮೂರು ವಾರ ಬೇರೆಡೆ ಇಟ್ಟರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರ ಜನವರಿ 10ರಂದು ಇದರಲ್ಲಿ ಹಕ್ಕುಚ್ಯುತಿಯಾಗಿಲ್ಲವೆಂದು ತೀರ್ಮಾನಿಸಿತು. ಕಾನೂನಿನ ಪ್ರಕಾರ ಸರಿಯಿರಬಹುದು. ಮಗುವಿನ ಹಿತಕ್ಕೆಂದು ಮಗುವನ್ನೇ ಹೆದರಿಸುವ ಈ ದಾರಿ ನನಗೆ ಒಪ್ಪಿಗೆಯಾಗುವುದಿಲ್ಲ.

ಇಂಗ್ಲೆಂಡಿನದು ಇನ್ನೊಂದು ತುದಿ. ಅಲ್ಲಿಯ 1944ರ ಕಾಯ್ದೆ, ಮಗುವಿಗೆ ತಕ್ಕ ಶಿಕ್ಷಣವನ್ನು ಶಾಲೆಯಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಕೊಡಿಸುವುದು ತಂದೆತಾಯಿಗಳ ಹೊಣೆ ಎಂದಿತು. ಆ ‘ಬೇರೆ ರೀತಿ’ ಎಂಬ ಸಣ್ಣ ಮಾತಿನ ಕಿಂಡಿಯಲ್ಲಿ ಮನೆಪಾಠ ನೆಮ್ಮದಿಯಾಗಿ ಬೆಳೆಯಿತು. ಆದರೆ ಮನೆಯಲ್ಲಿ ಓದುವ ಮಕ್ಕಳು ಯಾರು, ಎಷ್ಟು ಮಂದಿ ಎಂಬ ಪಟ್ಟಿಯನ್ನು ಕಡ್ಡಾಯವಾಗಿ ಇಡುವ ಏರ್ಪಾಡು ಇರಲಿಲ್ಲ. ಅಂಥ ಪಟ್ಟಿ ಬೇಕೆಂಬ ಅಂಶವುಳ್ಳ ಮಸೂದೆಯನ್ನು ಅಲ್ಲಿಯ ಸರಕಾರ 2024ರ ಡಿಸೆಂಬರಿನಲ್ಲಿ ಮಂಡಿಸಿತು. ಎಂಬತ್ತು ವರ್ಷಗಳ ಸ್ವಾತಂತ್ರ್ಯದ ಮೇಲೆ, ಮಗು ಎಲ್ಲಿದೆಯೆಂದಾದರೂ ಗೊತ್ತಿರಬೇಕೆಂದು ಅವರಿಗೂ ಅನ್ನಿಸಿತು.

ಇಲ್ಲಿ ಹಾಜರಿ ಪುಸ್ತಕದ ಬಗ್ಗೆ ಒಂದು ಮಾತು ಹೇಳಬೇಕು. ಕಚೇರಿಯಲ್ಲಿ ಮಸ್ಟರಿಗೆ ಸಹಿ ಹಾಕಿದ ಮಾತ್ರಕ್ಕೆ ಕೆಲಸವಾಯಿತೆಂದು ಅರ್ಥವಲ್ಲ. ಕುರ್ಚಿಗೆ ಕೋಟು ತಗುಲಿಸಿ ಚಹಕ್ಕೆ ಹೋದವರ ಕಥೆಗಳು ಎಲ್ಲರಿಗೂ ಗೊತ್ತು. ಹಾಗೆಯೇ ಶಾಲೆಯಲ್ಲಿ ‘ಎಸ್ ಸರ್’ ಎಂದ ಮಗುವೆಲ್ಲ ಕಲಿಯುತ್ತಿದೆಯೆಂದೂ ಅಲ್ಲ. ಹಾಜರಿ ಪುಸ್ತಕದ ನಿಜವಾದ ಉಪಯೋಗ ಬೇರೆ. ಮನೆಯವರಲ್ಲದ ಒಬ್ಬ ವ್ಯಕ್ತಿ ದಿನಕ್ಕೊಮ್ಮೆ ಆ ಮಗುವಿನ ಹೆಸರು ಹಿಡಿದು ಕರೆಯುತ್ತಾನೆ. ಉತ್ತರ ಬರದಿದ್ದರೆ ‘ಯಾಕೆ ಬಂದಿಲ್ಲ?’ ಎಂದು ಕೇಳುತ್ತಾನೆ. ಏಳನೆಯ ತರಗತಿಯ ಹುಡುಗಿ ಹದಿನೈದು ದಿನ ಬರಲಿಲ್ಲವೆಂದರೆ ಮನೆಯಲ್ಲಿ ಮದುವೆಯ ಮಾತು ನಡೆದಿರಬಹುದೆಂದು ಮೊದಲು ಊಹಿಸುವವರು ಟೀಚರು. ಮೈಮೇಲೆ ಬಾಸುಂಡೆ ಕಂಡರೆ, ಊಟವಿಲ್ಲದೆ ಮಗು ತೂಕಡಿಸಿದರೆ, ಕಾಣುವುದು ಅವರ ಕಣ್ಣಿಗೆ. ಬೇಲಿಯೇ ಎದ್ದು ಹೊಲ ಮೇಯುವುದು ಅಪರೂಪ. ಆದರೆ ಮೇಯ್ದಾಗ ಹೊಲಕ್ಕೆ ಬಾಯಿಲ್ಲ. ಆ ಒಂದು ಕಾರಣಕ್ಕೆ ಬೇಲಿಯ ಹೊರಗೊಬ್ಬ ಕಾವಲಿನವನು ಬೇಕು.

ಇದುವರೆಗೆ ಶಾಲೆಯನ್ನು ಬೇಡವೆಂದವರ ಮಾತಾಯಿತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಕ್ಕಳಲ್ಲಿ ಅಂಥ ಮನೆಗಳ ಮಕ್ಕಳು ಹಿಡಿಯಷ್ಟೂ ಇಲ್ಲ. ಉಳಿದವರು ಶಾಲೆಯನ್ನು ಬಿಟ್ಟವರಲ್ಲ. ಶಾಲೆ ಅವರನ್ನು ಬಿಟ್ಟಿದೆ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ಮಳೆಗಾಲ ಮುಗಿದೊಡನೆ ಸಂಸಾರ ಸಮೇತ ಮುಂಬಯಿ, ಪುಣೆ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೆ ಹೊರಡುವವರ ಮಕ್ಕಳು ಇವರು. ಅತ್ತ ಮರಾಠವಾಡದಿಂದ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ ಕಡೆಗೂ ಬರುವವರಲ್ಲಿ ಗಂಡಹೆಂಡಿರ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಮಗು ಬರುವುದೇ ಇಲ್ಲ, ಗದ್ದೆಗೆ ಮಾತ್ರ ಬರುತ್ತದೆ. ಊರಿನ ಶಾಲೆಯಲ್ಲಿ ಹೆಸರಿದೆ, ಮಗು ಇಲ್ಲ. ಇಲ್ಲಿ ಮಗು ಇದೆ, ಹೆಸರಿಲ್ಲ.

‘ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ದೊಡ್ಡವರಾಗಲಿಲ್ಲವೆ?’ ಎಂದು ಮುಂಬಯಿ ಕನ್ನಡಿಗರಲ್ಲಿ ಹಲವರು ಕೇಳಿಯಾರು. ಆದರು ನಿಜ. ಕರಾವಳಿಯಿಂದ ಬಂದ ಹುಡುಗರಿಗೆ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳು ಮಾಡಿದ ಉಪಕಾರವನ್ನು ಯಾವ ಸರಕಾರವೂ ಮಾಡಿರಲಿಲ್ಲ. ಆ ಮಾಸ್ತರರಿಗೂ, ದಣಿದ ಕಣ್ಣಿನಲ್ಲಿ ಓದಿದ ಆ ಹುಡುಗರಿಗೂ ನಾವು ಕೈಮುಗಿಯಬೇಕು. ಆದರೆ ಗೆದ್ದವರು ವೇದಿಕೆಯ ಮೇಲೆ ತಮ್ಮ ಕಥೆ ಹೇಳುತ್ತಾರೆ. ಲೋಟ ತೊಳೆಯುತ್ತಲೇ ಮುದುಕರಾದವರನ್ನು ಯಾವ ಸಂಘವೂ ಸನ್ಮಾನಿಸಿ ಕಥೆ ಕೇಳುವುದಿಲ್ಲ. ರಾತ್ರಿಶಾಲೆ ಬೇಕಾದದ್ದೇ ಆ ಹುಡುಗರಿಗೆ ಹಗಲುಶಾಲೆ ಸಿಗಲಿಲ್ಲವೆಂದು. ಹಿರಿಯರು ಪಟ್ಟ ಕಷ್ಟ ಮುಂದಿನವರೂ ಪಡಲಿ ಎನ್ನುವುದಕ್ಕೆ ಅದು ಪ್ರಮಾಣವಾಗಲಾರದು.

ಸಡಿಲವಾದ ನಿಯಮದ ಅಪಾಯ ಇಲ್ಲಿಯೇ ಇದೆ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, ಹದಿನಾಲ್ಕರೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ಇಟ್ಟುಕೊಳ್ಳಬಾರದೆಂದಾಯಿತು. ಒಳ್ಳೆಯದು. ಆದರೆ ಶಾಲೆಯ ಹೊತ್ತಿನ ಆಚೆ ಮತ್ತು ರಜೆಯಲ್ಲಿ, ಅಪಾಯಕರವಲ್ಲದ ಕುಟುಂಬದ ಉದ್ಯೋಗಕ್ಕೆ ಮಗು ಸಹಾಯ ಮಾಡಬಹುದೆಂಬ ವಿನಾಯಿತಿ ಉಳಿಯಿತು. ‘ಶಾಲೆಯ ಹೊತ್ತಿನ ಆಚೆ’ ಎಂಬುದೇ ಅಲ್ಲಿಯ ಬೀಗ. ನಾಳೆ ಯಾವ ಕಟ್ಟುಪಾಡೂ ಇಲ್ಲದೆ ಮನೆಪಾಠಕ್ಕೆ ಮಾನ್ಯತೆ ಸಿಕ್ಕಿತೆನ್ನಿ. ಬೀಡಿ ಕಟ್ಟುವ ಮನೆಯಲ್ಲೂ ಜರಿ ಕೆಲಸದ ಕೋಣೆಯಲ್ಲೂ ‘ನಮ್ಮ ಮಗು ಮನೆಯಲ್ಲೇ ಓದುತ್ತದೆ’ ಎಂಬ ಉತ್ತರ ಸಿದ್ಧವಾಗುತ್ತದೆ. ಓದಿದವರ ಸ್ವಾತಂತ್ರ್ಯಕ್ಕೆಂದು ತೆರೆದ ಬಾಗಿಲಲ್ಲಿ ಬಡವರ ಮಕ್ಕಳು ಕೆಲಸಕ್ಕೆ ಹೊರಟುಹೋಗುತ್ತಾರೆ.

ಇಡೀ ದೇಶವೇ ಮನೆಯಲ್ಲಿ ಕಲಿತದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚಿಯಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದವು. ಹಲವು ಕಡೆ ಒಂದೂವರೆ ವರ್ಷವಾದರೂ ಸಣ್ಣ ಮಕ್ಕಳಿಗೆ ತೆರೆಯಲಿಲ್ಲ. ಬೇರೆ ಕೋಣೆ, ಬೇರೆ ಫೋನು, ಪಕ್ಕದಲ್ಲಿ ಕುಳಿತು ಹೇಳಿಕೊಡುವ ತಾಯಿ ಇದ್ದ ಮಕ್ಕಳು ಹೇಗೋ ದಡ ಸೇರಿದರು. ಒಂದು ಫೋನಿಗೆ ಮೂರು ಮಕ್ಕಳಿದ್ದ ಚಾಳಿನ ಖೋಲಿಗಳಲ್ಲಿ ಕಲಿತ ಅಕ್ಷರವೂ ಮರೆತುಹೋಯಿತು. ಕರ್ನಾಟಕದಲ್ಲಿ ಆಗ ‘ವಿದ್ಯಾಗಮ’ ಎಂದು ಮಾಸ್ತರರೇ ಓಣಿಗಳಿಗೆ, ಗುಡಿಯ ಕಟ್ಟೆಗಳಿಗೆ ಹೋಗಿ ಮಕ್ಕಳನ್ನು ಕೂಡಿಸಿ ಪಾಠ ಮಾಡಿದರು. ಕಾಯಿಲೆಯ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು. ಮನೆ ಎಂಬ ಮಾತು ಒಂದೇ ಆದರೂ ಮನೆಗಳು ಒಂದೇ ಅಲ್ಲ ಎಂಬುದನ್ನು ಆ ಎರಡು ವರ್ಷಗಳು ಚೆನ್ನಾಗಿ ತೋರಿಸಿದವು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು. ಮಗು ಎಲ್ಲಿ ಕಲಿಯಬೇಕೆಂಬ ವಿಷಯದಲ್ಲಿ ಸರಕಾರ ಉದಾರವಾಗಿರಲಿ; ಮಗು ಎಲ್ಲಿದೆಯೆಂದು ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡದಿರಲಿ. ಮನೆಯಲ್ಲಿ ಕಲಿಸಬಯಸುವವರು ವಾರ್ಡಿನ ಕಚೇರಿಯಲ್ಲೋ ಪಂಚಾಯತಿಯಲ್ಲೋ ಹೆಸರು ಬರೆಸಲಿ. ವರ್ಷಕ್ಕೊಮ್ಮೆ ಶಿಕ್ಷಣ ಬಲ್ಲ ಒಬ್ಬರು, ಪೊಲೀಸರಲ್ಲ, ಬಂದು ಮೂರು ಸಂಗತಿ ನೋಡಲಿ: ಮಗು ಆರೋಗ್ಯವಾಗಿದೆಯೆ, ತನ್ನ ವಯಸ್ಸಿಗೆ ತಕ್ಕಷ್ಟು ಓದು, ಬರಹ, ಲೆಕ್ಕ ಬರುತ್ತದೆಯೆ, ಮಗುವನ್ನೇ ಬೇರೆಯಾಗಿ ಕೂರಿಸಿ ಕೇಳಿದರೆ ಅದು ಏನು ಹೇಳುತ್ತದೆ. ಯಾವ ಪುಸ್ತಕ, ಯಾವ ಭಾಷೆ, ಎಷ್ಟು ಗಂಟೆ ಎಂಬುದು ತಂದೆತಾಯಿಗಳಿಗೆ ಬಿಟ್ಟದ್ದು. ತಪಾಸಣೆಯೆಂದರೆ ಲಂಚಕ್ಕೆ ದಾರಿಯಾಗುವುದೆಂದು ನೀವು ಹೇಳಬಹುದು. ಆ ಭಯ ಸುಳ್ಳಲ್ಲ. ಆದ್ದರಿಂದಲೇ ಪ್ರಶ್ನೆಗಳು ಮೂರೇ ಇರಲಿ, ಬರೆದದ್ದರ ಪ್ರತಿ ತಂದೆತಾಯಿಯ ಕೈಗೂ ಸಿಗಲಿ. ನಿಜವಾಗಿ ಕಲಿಸುವವರಿಗೆ ಇದರಿಂದ ವರ್ಷಕ್ಕೆ ಒಂದು ಬೆಳಗಿನ ತೊಂದರೆ. ತಮ್ಮ ಮನೆಯಲ್ಲಿ ನಡೆಯದ ಅನ್ಯಾಯ ಬೇರೆ ಮನೆಯಲ್ಲಿ ನಡೆಯಬಾರದೆಂದು ಅಷ್ಟು ಸಹಿಸುವುದು ದೊಡ್ಡದಲ್ಲ.

ಬಡವರಿಗೆ ದಂಡ ಬೇಡ. ಶಾಹೂ ಮಹಾರಾಜರ ಕಾಲದಲ್ಲಿ ದಂಡದ ಜೊತೆಗೆ ಶಾಲೆಯನ್ನೂ ಹಾಸ್ಟೆಲನ್ನೂ ಕಟ್ಟಿದ ರಾಜರಿದ್ದರು. ಈಗ ದಂಡಕ್ಕಿಂತ ಮಧ್ಯಾಹ್ನದ ಬಿಸಿಯೂಟ ಹೆಚ್ಚು ಮಕ್ಕಳನ್ನು ಶಾಲೆಗೆ ಕರೆತರುತ್ತದೆ. ಶಾಲೆಗೆ ಬಾರದ ಮಗುವಿದ್ದಲ್ಲಿಗೆ ಶಾಲೆಯೇ ಹೋಗುವುದೂ ಸಾಧ್ಯ. 1969ರಲ್ಲಿ ದೆಹಲಿಯಲ್ಲಿ ಮೀರಾ ಮಹಾದೇವನ್ ಅವರು ಕಟ್ಟಡ ಕಾರ್ಮಿಕರ ಮಕ್ಕಳಿಗಾಗಿ ಮೊದಲು ಮಾಡಿದ ‘ಮೊಬೈಲ್ ಕ್ರೆಶ್’ ಮುಂದೆ ಮುಂಬಯಿಗೂ ಬಂತು. ಕರ್ನಾಟಕದಲ್ಲಿ ಟೆಂಟ್ ಶಾಲೆಗಳಾದವು.

ಕೊನೆಗೆ ನಮ್ಮ ಸಂಘದ ಸದಸ್ಯರಿಗೆ ಒಂದು ವಿನಂತಿ. 2009ರ ಕಾಯ್ದೆಯ 9ನೆಯ ಕಲಮು ಸ್ಥಳೀಯ ಸಂಸ್ಥೆಗಳಿಗೆ ಎರಡು ಕೆಲಸ ವಹಿಸಿದೆ: ತನ್ನ 
ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕರವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ವಲಸೆ ಬಂದ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸುವುದು. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ಹಿಂದಿನ ಶಾಲೆಯ ಟಿ.ಸಿ. ಬಂದಿಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವರ್ಗವಾಗಿ ಬಂದ ನಮ್ಮ ಮಕ್ಕಳ ಟಿ.ಸಿ.ಗಾಗಿ ನಾವು ಎಷ್ಟು ಓಡಾಡುತ್ತೇವೆ! ನಮ್ಮ ಬಿಲ್ಡಿಂಗಿನ ಪಕ್ಕದಲ್ಲಿ ಏಳುತ್ತಿರುವ ಇನ್ನೊಂದು ಬಿಲ್ಡಿಂಗಿನ ತಗಡಿನ ಗುಡಿಸಲುಗಳಲ್ಲಿ ಕನ್ನಡ ಮಾತಾಡುವ ಮಕ್ಕಳಿರಬಹುದು. ಅವರ ತಂದೆತಾಯಿಗೆ ಈ ಕಲಮುಗಳು ಗೊತ್ತಿಲ್ಲ, ಅರ್ಜಿಯ ಮರಾಠಿ ಓದಲು ಬರುವುದಿಲ್ಲ. ಒಂದು ರವಿವಾರ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ, ಮಗುವಿನ ಹೆಸರೇನು, ಯಾವ ಊರು, ಎಷ್ಟನೆಯ ತರಗತಿಯವರೆಗೆ ಓದಿದೆ ಎಂದು ಕೇಳಿ ಬರೆದುಕೊಳ್ಳಿ. ಸೋಮವಾರ ಹತ್ತಿರದ ಮುನಿಸಿಪಲ್ ಶಾಲೆಯ ಹೆಡ್‌ಮಾಸ್ತರರನ್ನು ಅವರೊಡನೆ ಹೋಗಿ ಕಾಣಿ. ಅರ್ಜಿ ತುಂಬುವ ಕೆಲಸ ನಮ್ಮಲ್ಲಿ ಬಹಳ ಮಂದಿಗೆ ಚೆನ್ನಾಗಿ ಬರುತ್ತದೆ.